ಸೊನ್ನೆ ಖರ್ಚಿನ ಕಾವಲು

ಶಾಲೆಗೆ ಬರುವ ಇಂಟರ್ನೆಟ್ಟು ಎಲ್ಲಿಗೆ ಹೋಗುತ್ತದೆ, ಯಾರು ಎಷ್ಟು ಬಳಸುತ್ತಾರೆ ಎಂದು ಲೆಕ್ಕ ಇಡುವುದಕ್ಕೆ ದುಬಾರಿ ಯಂತ್ರ ಬೇಕು, ಬೆಂಗಳೂರಿನಿಂದ ಇಂಜಿನಿಯರು ಬರಬೇಕು ಎಂದು ಕೆಲವರು ತಿಳಿದಿದ್ದಾರೆ. ಪಾಪ, ಅವರು ನಮ್ಮ ಕಡೆಯ ಸರ್ಕಾರಿ ಪ್ರೌಢಶಾಲೆಗಳ ಒಳಕ್ಕೆ ಕಾಲಿಟ್ಟವರಲ್ಲ. ಇಲ್ಲಿ ಈ ಕೆಲಸ ಪೈಸೆ ಖರ್ಚಿಲ್ಲದೆ, ಅನುದಾನ ಕೇಳದೆ, ಟೆಂಡರ್ ಕರೆಯದೆ ವರ್ಷಗಳಿಂದ ನಡೆದುಕೊಂಡು ಬಂದಿದೆ. ಇಷ್ಟು ಅಗ್ಗದಲ್ಲಿ ಬ್ಯಾಂಡ್‌ವಿಡ್ತ್ ಕಾಯುವ ಜನ ಬೇರೆ ದೇಶದಲ್ಲಿ ಇದ್ದಂತಿಲ್ಲ. ಆದರೂ ಇದನ್ನು ಹೊಗಳಿ ಯಾರೂ ನಾಲ್ಕು ಸಾಲು ಬರೆದಿಲ್ಲವಲ್ಲ ಎಂಬ ಸಂಕಟದಿಂದ ಈ ಲೇಖನ.

ಮೊದಲು ದೀಪದ ವಿಷಯ. ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ, ರಾಧಾಕೃಷ್ಣನ್ ಅವರ ಪಟಕ್ಕೂ ಸಹಕಾರ ಸಂಘದ ಕ್ಯಾಲೆಂಡರಿಗೂ ನಡುವೆ, ಫೈಬರ್ ಪೆಟ್ಟಿಗೆ ಮೊಳೆಗೆ ನೇತಾಡುತ್ತಿರುತ್ತದೆ. ಅಂಗೈ ಅಗಲದ ಬಿಳಿ ಡಬ್ಬಿ; ಅದರ ಮೈಮೇಲೆ ಸಾಲಾಗಿ ಪುಟ್ಟ ದೀಪಗಳು. ಪವರ್ ಎಂಬುದು ಉರಿದರೆ ಕರೆಂಟ್ ಇದೆ. ಪಾನ್ ಎಂಬುದು ಮಿಣುಕದೆ ಹಸಿರಾಗಿ ನಿಂತರೆ ಲೈನ್ ಇದೆ. ಎಲ್‌ಒಎಸ್ ಎಂಬುದು ಕೆಂಪಾದರೆ ಲೈನ್ ಹೋಗಿದೆ. ಇದನ್ನು ಓದಿ ಹೇಳುವ ಜವಾಬ್ದಾರಿ ಗ್ರೂಪ್ ಡಿ ನೌಕರರದು.

"ಏನಪ್ಪಾ, ನೆಟ್ ಇದೆಯಾ?"

"ಕೆಂಪಾಗದೆ ಸಾರ್. ಕೆರೆ ಏರಿ ತಾವ ಜೆಸಿಬಿ ಬಿಟ್ಟವ್ರೆ."

ಗಮನಿಸಿ: ರೋಗ ಯಾವುದು, ಎಲ್ಲಿ, ಯಾರಿಂದ ಎಂಬ ಮೂರೂ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಬಂತು. ಫೈಬರಿನೊಳಗೆ ಬೆಳಕು ಬಿಟ್ಟು, ಅದು ಎಷ್ಟು ದೂರದಲ್ಲಿ ಬಡಿದು ವಾಪಸು ಬಂತು ಎಂದು ಲೆಕ್ಕ ಹಾಕಿ, ತುಂಡಾದ ಜಾಗ ಹುಡುಕುವ ಓಟಿಡಿಆರ್ ಎಂಬ ಯಂತ್ರವೊಂದಿದೆ. ಅದನ್ನು ಕೊಳ್ಳುವ ದುಡ್ಡಿಗೆ ಶಾಲೆಗೆ ಎರಡು ಕೊಠಡಿಯ ಸುಣ್ಣ ಬಣ್ಣ ಮುಗಿಯುತ್ತದೆ. ನಮ್ಮವರು ಬೆಳಗ್ಗೆ ಸೈಕಲ್ಲಿನಲ್ಲಿ ಬರುವಾಗಲೇ ಜೆಸಿಬಿಯನ್ನು ನೋಡಿಕೊಂಡು ಬಂದಿರುತ್ತಾರೆ.

ಲ್ಯಾನ್ ಎಂಬ ನಾಲ್ಕನೆಯ ದೀಪದ ಬಗ್ಗೆ ನನಗೆ ವಿಶೇಷ ಗೌರವ. ಮಾಹಿತಿ ಹರಿಯುತ್ತಿದ್ದರೆ ಅದು ಮಿನುಗುತ್ತದೆ. ಹತ್ತನೇ ತರಗತಿಯ ಮಕ್ಕಳು ವಿದ್ಯುತ್ಕಾಂತದ ವಿಡಿಯೋ ನೋಡುತ್ತಿದ್ದರೂ ಮಿನುಗುತ್ತದೆ. ಸ್ಟಾಫ್ ರೂಮಿನಿಂದ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದ ಚಿತ್ರ ಇಡೀ ಬಂಧುಬಳಗಕ್ಕೆ ಹೊರಟಿದ್ದರೂ ಮಿನುಗುತ್ತದೆ. ದಟ್ಟಣೆ ಕಡಿಮೆಯೋ ಹೆಚ್ಚೋ, ಬರಿಗಣ್ಣಿಗೆ ಎಲ್ಲಾ ಒಂದೇ. ಇಷ್ಟು ನಿಷ್ಪಕ್ಷಪಾತಿಯಾದ ಅಳತೆಯ ಸಾಧನ ತೂಕ ಮತ್ತು ಅಳತೆ ಇಲಾಖೆಯಲ್ಲೂ ಸಿಗಲಾರದು.

ಇದರ ಮಹಿಮೆ ಪೂರ್ತಿ ತಿಳಿದದ್ದು ಒಂದು ಶನಿವಾರ. ಕಂಪ್ಯೂಟರ್ ಕೊಠಡಿಯನ್ನು ಗುಡಿಸಿದವರು ನೆಲದ ಮೇಲೆ ಬಿದ್ದಿದ್ದ ಕೇಬಲ್ಲಿನ ತುದಿಯೊಂದನ್ನು ನೋಡಿ, ಅಚ್ಚುಕಟ್ಟಾಗಿರಲಿ ಎಂದು ನೆಟ್‌ವರ್ಕ್ ಸ್ವಿಚ್ಚಿನ ಖಾಲಿ ತೂತಿಗೆ ಸಿಕ್ಕಿಸಿದರು. ಅದೇ ಕೇಬಲ್ಲಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಹಾಗಾದಾಗ ಒಂದು ಸಂದೇಶ ಒಂದು ತೂತಿನಿಂದ ಹೊರಟು ಇನ್ನೊಂದರಿಂದ ಒಳಗೆ ಬಂದು, ಮತ್ತೆ ಎಲ್ಲಾ ತೂತಿನಿಂದಲೂ ಹೊರಟು, ಹೀಗೆ ಕೊನೆಯಿಲ್ಲದೆ ಸುತ್ತುತ್ತದೆ. ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಅಗ್ಗದ ಸ್ವಿಚ್ಚಿಗೆ ಇದನ್ನು ತಡೆಯುವ ಬುದ್ಧಿ ಇರುವುದಿಲ್ಲ. ಅಂದು ಶಾಲೆಯಲ್ಲಿ ಒಂದು ಪುಟವೂ ತೆರೆಯಲಿಲ್ಲ. ಆದರೆ ಸ್ವಿಚ್ಚಿನ ದೀಪ ಒಂದೂ ಬಿಡದಂತೆ ಪಟಪಟನೆ ಹೊಳೆಯುತ್ತಿದ್ದವು. "ಇವತ್ತು ನೆಟ್ ಭರ್ಜರಿ ಅದೆ ಸಾರ್" ಎಂಬ ವರದಿ ಬಂತು. ವರದಿಯನ್ನು ಯಾರೂ ಅಲ್ಲಗಳೆಯಲಿಲ್ಲ.

ದೀಪ ಇದೆಯೋ ಇಲ್ಲವೋ ಹೇಳುತ್ತದೆ. ಎಷ್ಟು ಎಂದು ಹೇಳುವುದಕ್ಕೆ ಮೊಬೈಲಿನ ಸ್ಪೀಡ್ ಟೆಸ್ಟ್ ಇದೆ. ಇದನ್ನು ಮಾಡುವ ಪದ್ಧತಿ ನಿಗದಿಯಾಗಿದೆ. ಪೆಟ್ಟಿಗೆಯ ಕೆಳಗೇ ನಿಂತುಕೊಳ್ಳಬೇಕು, ಫೋನನ್ನು ಎದೆಮಟ್ಟಕ್ಕೆ ಹಿಡಿಯಬೇಕು, ಮುಳ್ಳು ಏರುವಾಗ ಉಸಿರು ಬಿಗಿಹಿಡಿಯಬೇಕು. ಒಬ್ಬರು ಮಾಡಿದರೆ ಪಕ್ಕದವರಿಗೂ ಆಸೆಯಾಗುತ್ತದೆ. ಮೂವರು ಒಟ್ಟಿಗೆ ಒತ್ತಿದಾಗ ಇದ್ದ ವೇಗ ಮೂರು ಪಾಲಾಗಿ, ಮೂವರಿಗೂ ಬೇಸರವಾಗಿ, ಲೈನೇ ಸರಿಯಿಲ್ಲ ಎಂಬ ಒಮ್ಮತ ಮೂಡುತ್ತದೆ. ಸ್ಪೀಡ್ ಟೆಸ್ಟ್ ಎಂದರೆ ಇರುವ ದಾರಿಯನ್ನೆಲ್ಲ ಪೂರ್ತಿ ತುಂಬಿಸಿ ನೋಡುವುದು. 40 ಎಂಬಿಪಿಎಸ್ ಲೈನಿನಲ್ಲಿ ಹತ್ತು ಸೆಕೆಂಡ್ ತುಂಬಿಸಿದರೆ 50 ಎಂಬಿ ಖರ್ಚು, ಅದೂ ಇಳಿಸಿಕೊಳ್ಳುವ ಲೆಕ್ಕ ಮಾತ್ರ. ಅಷ್ಟು ಹೊತ್ತು ಪಕ್ಕದ ಕೊಠಡಿಯಲ್ಲಿ ಪಾಠದ ವಿಡಿಯೋ ನಿಂತುಹೋಗುತ್ತದೆ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ನೋಡಲು ವಾಲ್ವ್ ಪೂರ್ತಿ ಬಿಚ್ಚಿ ಖಾಲಿ ಮಾಡಿ ಲೆಕ್ಕ ಹೇಳುವ ವಾಟರ್‌ಮನ್‌ನನ್ನು ಪಂಚಾಯಿತಿಯಲ್ಲಿ ಬೈಯುತ್ತಾರೆ. ಶಾಲೆಯಲ್ಲಿ ಅಂಥವರನ್ನು ಟೆಕ್ನಿಕಲ್ ಮನುಷ್ಯ ಎನ್ನುತ್ತಾರೆ.

ಅಳತೆಯಲ್ಲಿ ಬಿಟ್, ಬೈಟ್ ಎಂಬ ಎರಡು ಮಾನಗಳಿರುವುದೂ ನಮ್ಮ ಅನುಕೂಲಕ್ಕೇ. ಎಂಟು ಬಿಟ್ ಸೇರಿ ಒಂದು ಬೈಟ್. ಲೈನ್ ಕೊಡುವವರು ಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಇಳಿಯುವಾಗ ಕಂಪ್ಯೂಟರು ಬೈಟ್‌ನಲ್ಲಿ ತೋರಿಸುತ್ತದೆ. ನೂರು ಎಂದು ಬಿಲ್ ಕಟ್ಟಿದ ಆಫೀಸಿನ ಗುಮಾಸ್ತರು ಪರದೆಯ ಮೇಲೆ ಸೆಕೆಂಡಿಗೆ ಐದು ಎಂಬಿ ಕಂಡು, "ನೂರು ಅಂದಿದ್ರು, ಐದು ಬರ್ತಾ ಇದೆ, ತೊಂಬತ್ತೈದು ತಿಂದರು" ಎಂದು ಗೋಳಾಡುತ್ತಾರೆ. ಐದನ್ನು ಎಂಟರಿಂದ ಗುಣಿಸಿದರೆ ನಲವತ್ತು, ಆದ್ದರಿಂದ ತಿಂದದ್ದು ಅರವತ್ತು ಮಾತ್ರ ಎಂದು ಗಣಿತದ ಮೇಷ್ಟ್ರಿಗೆ ಗೊತ್ತು. ಅವರು ಬಾಯಿ ಬಿಡುವುದಿಲ್ಲ. ಗೊತ್ತಿದೆ ಎಂದು ತೋರಿಸಿಕೊಂಡವರನ್ನು ಕಂಪ್ಯೂಟರ್ ಲ್ಯಾಬಿನ ಇನ್‌ಚಾರ್ಜ್ ಮಾಡುತ್ತಾರೆ. ಇನ್‌ಚಾರ್ಜ್ ಆದವರ ತಲೆಗೆ ಕಳೆದುಹೋದ ಮೌಸಿನಿಂದ ಹಿಡಿದು ಆಡಿಟ್‌ವರೆಗೆ ಎಲ್ಲವೂ ಬರುತ್ತದೆ. ಅಜ್ಞಾನವನ್ನು ಇಷ್ಟು ಎಚ್ಚರದಿಂದ ಕಾಪಾಡಿಕೊಂಡ ವಿದ್ಯಾವಂತರನ್ನು ನಾನು ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ಇನ್ನು ದಾಖಲೆ. ಅಳತೆ ಎಂದ ಮೇಲೆ ದಾಖಲೆ ಬೇಕು, ಅದಕ್ಕೆ ಅಂತರ್ಜಾಲ ಬಳಕೆ ವಹಿ ಇದೆ. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ಕಂದು ಕಾಗದದ ರಟ್ಟು, ಕೆಂಪು ಶಾಯಿಯಲ್ಲಿ ಎಳೆದ ಗೆರೆ. ಕ್ರಮ ಸಂಖ್ಯೆ, ದಿನಾಂಕ, ತರಗತಿ, ವಿಷಯ, ಆರಂಭದ ವೇಳೆ, ಮುಕ್ತಾಯದ ವೇಳೆ, ಶಿಕ್ಷಕರ ಸಹಿ, ಷರಾ. ನಾನು ತಿರುವಿ ನೋಡಿದ ವಹಿಯಲ್ಲಿ ಪ್ರತಿದಿನದ ಬಳಕೆ ನಲವತ್ತು ನಿಮಿಷ, ಷರಾ ಕಲಮಿನಲ್ಲಿ ತೃಪ್ತಿಕರ. ಜೂನಿನಿಂದ ಫೆಬ್ರವರಿವರೆಗೆ ಒಂದೇ ಪೆನ್ನು, ಒಂದೇ ಒತ್ತು. ಮೇಲಿನ ಮೂಲೆಯಲ್ಲಿ ಅದೇ ಚಹಾ ಲೋಟದ ಉಂಗುರ. ಕರೆಂಟ್ ಇಲ್ಲದ ದಿನವೂ ನಲವತ್ತು ನಿಮಿಷ, ಫೈಬರ್ ತುಂಡಾದ ವಾರವೂ ನಲವತ್ತು ನಿಮಿಷ, ಒಂದು ಭಾನುವಾರವೂ ನಲವತ್ತು ನಿಮಿಷ. ಜಗತ್ತಿನ ಯಾವ ರೌಟರೂ ಇಷ್ಟು ಸ್ಥಿರವಾದ ಗ್ರಾಫ್ ಕೊಟ್ಟಿಲ್ಲ. ತಪಾಸಣೆಗೆ ಬಂದವರು ಕೊನೆಯ ಪುಟಕ್ಕೆ ಹಸಿರು ಶಾಯಿಯ ಸಹಿ ಹಾಕಿ ಹೋಗಿದ್ದರು.

ಶಾಲೆಯನ್ನಷ್ಟೇ ಹೊಗಳಿದರೆ ಮೇಲಿನವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಯುಡೈಸ್ ಪ್ಲಸ್ ಎಂಬ ಮಾಹಿತಿ ನಮೂನೆಯಲ್ಲಿ ದೇಶದ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತನ್ನ ಕೊಠಡಿ, ಶೌಚಾಲಯ, ನೀರು, ಪುಸ್ತಕಗಳ ಲೆಕ್ಕ ಕೊಡಬೇಕು. ಅದರಲ್ಲಿ ಇಂಟರ್ನೆಟ್ ಸೌಲಭ್ಯವೂ ಒಂದು ಕಲಮು: ಇದೆಯೇ, ಇಲ್ಲವೇ. ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಗಣಕದ ಲೆಕ್ಕದಲ್ಲಿ ತಗಲುವುದು ಒಂದು ಬಿಟ್. ಒಂದು ಶಾಲೆಯ ಬ್ಯಾಂಡ್‌ವಿಡ್ತನ್ನು ವರ್ಷಕ್ಕೆ ಒಂದು ಬಿಟ್‌ನಲ್ಲಿ ಅಳೆದು ಮುಗಿಸುವುದಕ್ಕಿಂತ ಅಗ್ಗದ ವಿಧಾನವನ್ನು ಗಣಿತಶಾಸ್ತ್ರ ಒಪ್ಪುವುದಿಲ್ಲ. ಅದಕ್ಕಿಂತ ಕಡಿಮೆ ಎಂದರೆ ಕೇಳದೇ ಇರುವುದು.

ಅಳೆಯದೇ ಇರುವುದರಿಂದ ಆಗುವ ಉಪಕಾರವೂ ದೊಡ್ಡದು. 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಆಮೇಲೆ 512 ಆಯಿತು. 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ಬದಲಾಯಿಸಿತು. ಅಳೆಯುತ್ತಾ ಕೂತ ಶಾಲೆಗೆ ಪ್ರತಿ ಸಲವೂ ತಾನು ಈಗ ಬ್ರಾಡ್‌ಬ್ಯಾಂಡೋ ಅಲ್ಲವೋ ಎಂಬ ಆತಂಕ. ಅಳೆಯದ ಶಾಲೆ ಅಂದಿನಿಂದ ಇಂದಿನವರೆಗೂ ಬ್ರಾಡ್‌ಬ್ಯಾಂಡ್ ಶಾಲೆಯೇ. 2025ರ ಕೇಂದ್ರ ಬಜೆಟ್ಟಿನಲ್ಲಿ ಗ್ರಾಮೀಣ ಭಾಗದ ಎಲ್ಲಾ ಸರ್ಕಾರಿ ಪ್ರೌಢಶಾಲೆಗಳಿಗೂ ಭಾರತ್‌ನೆಟ್ ಯೋಜನೆಯಲ್ಲಿ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಎಂದು ಘೋಷಿಸಿದ್ದಾರೆ. ಅಲ್ಲಿಯೂ ಅಳೆಯಲು ಹೋಗಬಾರದು ಎಂಬುದು ನನ್ನ ನಮ್ರ ಸಲಹೆ.

ಇಷ್ಟೆಲ್ಲಾ ಇದ್ದರೂ ವಿದೇಶಗಳ ಕಡೆ ಬೊಟ್ಟು ಮಾಡುವವರು ಇದ್ದೇ ಇದ್ದಾರೆ. ಅಲ್ಲಿನ ಕಥೆಯನ್ನೂ ಹೇಳಿಬಿಡುತ್ತೇನೆ, ತೀರ್ಪು ನಿಮ್ಮದು. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯವಿದೆ. 1990ರ ದಶಕದ ನಡುವಿನಲ್ಲಿ ಹೊರಜಗತ್ತಿಗೆ ಅದಕ್ಕಿದ್ದದ್ದು 64 ಕಿಲೋಬಿಟ್‌ನ ಒಂದೇ ಲೈನು. ಲೈನ್ ಏನಾಗಿದೆ ಎಂದು ಎಲ್ಲರೂ ಕೇಳುವವರೇ. ನಮ್ಮವರಾಗಿದ್ದರೆ ದೀಪ ನೋಡಿ ಹೇಳುತ್ತಿದ್ದರು. ಅಲ್ಲಿದ್ದ ಟೋಬಿಯಾಸ್ ಓಟಿಕರ್ ಎಂಬ ಸ್ವಿಸ್ ಮನುಷ್ಯ ಕೂತು ಎಂಆರ್‌ಟಿಜಿ ಎಂಬ ತಂತ್ರಾಂಶ ಬರೆದರು. ಅದು ಐದು ನಿಮಿಷಕ್ಕೊಮ್ಮೆ ರೌಟರನ್ನು ಮಾತಾಡಿಸಿ, ಎಷ್ಟು ಬಂತು ಎಂದು ಹಸಿರಿನಲ್ಲಿ, ಎಷ್ಟು ಹೋಯಿತು ಎಂದು ನೀಲಿಯಲ್ಲಿ ಗ್ರಾಫ್ ಬಿಡಿಸುತ್ತದೆ. ಬರೆದದ್ದೂ ಅಲ್ಲದೆ ಪುಕ್ಕಟೆ ಹಂಚಿದರು. ಇಂದಿಗೂ ಪುಕ್ಕಟೆಯೇ ಸಿಗುತ್ತದೆ. ನಮ್ಮ ಶಾಲೆಯ ಬಿಲ್ಲಿನಲ್ಲಿ ಬರೆದಿರುವ ನೂರು ಎಂಬಿಪಿಎಸ್ ಆ ವಿಶ್ವವಿದ್ಯಾಲಯದ ಲೈನಿನ ಸುಮಾರು ಒಂದೂವರೆ ಸಾವಿರ ಪಟ್ಟು. ಬಡವರು ಲೆಕ್ಕ ಇಡಬೇಕಾಗುತ್ತದೆ, ನಮಗೇನು ಕರ್ಮ?

ಅದೇ ಹಾದಿಯಲ್ಲಿ ಇನ್ನೂ ಹಲವರು ಹೋದರು. ಇಟಲಿಯ ಪೀಸಾ ವಿಶ್ವವಿದ್ಯಾಲಯದಲ್ಲಿದ್ದ ಲೂಕಾ ಡೆರಿ 1998ರಲ್ಲಿ ಎನ್‌ಟಾಪ್ ಮಾಡಿದರು. ಅದು ಒಟ್ಟು ಎಷ್ಟು ಎಂಬುದಕ್ಕೆ ತೃಪ್ತಿಪಡದೆ, ಯಾವ ಯಂತ್ರ ಎಷ್ಟು ಬಳಸಿತು ಎಂದು ಹೆಸರು ಹಿಡಿದು ಪಟ್ಟಿ ಮಾಡುತ್ತದೆ. ವಿಎನ್‌ಸ್ಟಾಟ್ ಎಂಬ ಇನ್ನೊಂದು ಪುಟ್ಟ ತಂತ್ರಾಂಶ ಲಿನಕ್ಸ್ ಕಂಪ್ಯೂಟರಿನ ಮೂಲೆಯಲ್ಲಿ ಸದ್ದಿಲ್ಲದೆ ಕೂತು ಗಂಟೆಯ, ದಿನದ, ತಿಂಗಳ ಲೆಕ್ಕ ಬರೆಯುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬುದನ್ನು ಹಾಕಿದರೆ ಎಷ್ಟೋ ಹಳೆಯ ವೈಫೈ ರೌಟರುಗಳೇ ಈ ಲೆಕ್ಕ ಕೊಡತೊಡಗುತ್ತವೆ. ಇವನ್ನೆಲ್ಲಾ ನಡೆಸಲು ರಾಸ್ಪ್‌ಬೆರಿ ಪೈ ಎಂಬ ಅಂಗೈ ಗಾತ್ರದ ಕಂಪ್ಯೂಟರ್ ಸಾಕು. 2012ರಲ್ಲಿ ಅದು ಹುಟ್ಟಿದ್ದೇ ಶಾಲೆಯ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು. ಅಂದರೆ ಮಕ್ಕಳೇ ಶಾಲೆಯ ಲೆಕ್ಕ ನೋಡಬಹುದು. ಇದರ ಅಪಾಯವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಿಜ ಹೇಳುವುದಾದರೆ ಆ ವಿದೇಶಿ ವಿದ್ಯೆಯಲ್ಲಿ ನನಗೆ ಇಷ್ಟವಾದದ್ದು ಒಂದೇ ಒಂದು. ರೌಟರನ್ನು ಮಾತಾಡಿಸುವ ಭಾಷೆಗೆ ಎಸ್‌ಎನ್‌ಎಂಪಿ ಎಂದು ಹೆಸರು, 1988ರಿಂದ ಇದೆ. ಅದರ ಮೊದಲ ಆವೃತ್ತಿಯಲ್ಲಿ ಬೈಟ್ ಎಣಿಸುವ ಮೀಟರು 32 ಬಿಟ್‌ನದು. ಸುಮಾರು 429 ಕೋಟಿಗೆ ಬಂದಾಗ ಅದು ಸೊನ್ನೆಗೆ ಉರುಳಿ ಮತ್ತೆ ಶುರುವಾಗುತ್ತದೆ. ನೂರು ಎಂಬಿಪಿಎಸ್ ಲೈನು ತುಂಬಿ ಹರಿದರೆ ಸುಮಾರು ಐದೂಮುಕ್ಕಾಲು ನಿಮಿಷಕ್ಕೊಮ್ಮೆ ಉರುಳುತ್ತದೆ, ಐದು ನಿಮಿಷಕ್ಕೊಮ್ಮೆ ನೋಡುವವರಿಗೆ ಕೂದಲೆಳೆಯಲ್ಲಿ ಸಿಕ್ಕಿಬೀಳುತ್ತದೆ. ಸಾವಿರ ಎಂಬಿಪಿಎಸ್ ಆದರೆ 34 ಸೆಕೆಂಡಿಗೇ ಒಂದು ಸುತ್ತು. ನೋಡುವವರು ಬರುವಷ್ಟರಲ್ಲಿ ಎಂಟೊಂಬತ್ತು ಸಲ ಸೊನ್ನೆಯಾಗಿ, ಎಷ್ಟು ಸಲ ಎಂದು ತಿಳಿಯದೆ, ಭಾರೀ ಬಳಕೆಯೂ ಅಲ್ಪವಾಗಿ ಕಾಣುತ್ತದೆ. ಹೆಚ್ಚು ಬಳಸಿದಷ್ಟೂ ಕಡಿಮೆ ತೋರಿಸುವ ಮೀಟರು! ಆದರೆ ಅಲ್ಲಿನವರಿಗೆ ಒಳ್ಳೆಯದನ್ನು ಉಳಿಸಿಕೊಳ್ಳುವ ಯೋಗವಿಲ್ಲ. ಮುಂದಿನ ಆವೃತ್ತಿಯಲ್ಲಿ 64 ಬಿಟ್ ಮೀಟರು ತಂದು ಈ ಸೌಲಭ್ಯವನ್ನೂ ಕಿತ್ತುಹಾಕಿದರು.

ಇಂಥ ವಿದ್ಯೆ ಶಾಲೆಯೊಳಕ್ಕೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಶಾಲೆಯ ಹೆಸರು ಬೇಡ. ಅತಿಥಿ ಶಿಕ್ಷಕರಾಗಿ ಬಂದ ಹುಡುಗನೊಬ್ಬ ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಎತ್ತಿಕೊಂಡ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಐನೂರು ರೂಪಾಯಿಯೊಳಗೆ ಹಳೆಯ ಲ್ಯಾನ್ ಕಾರ್ಡೊಂದನ್ನು ಸ್ವಂತ ಖರ್ಚಿನಲ್ಲಿ ತಂದು ಸಿಕ್ಕಿಸಿ, ಲಿನಕ್ಸ್ ಹಾಕಿ, ಫೈಬರ್ ಪೆಟ್ಟಿಗೆಗೂ ಸ್ವಿಚ್ಚಿಗೂ ನಡುವೆ ಕೂರಿಸಿದ. ಪೆಟ್ಟಿಗೆಯ ವೈಫೈ ಆರಿಸಿ, ಬೇರೆ ವೈಫೈ ಡಬ್ಬಿಯನ್ನು ಸ್ವಿಚ್ಚಿಗೆ ಕಟ್ಟಿದ. ಹೀಗಾಗಿ ಶಾಲೆಗೆ ಬರುವ, ಶಾಲೆಯಿಂದ ಹೋಗುವ ಪ್ರತಿ ಬೈಟೂ ಆ ಕಂಪ್ಯೂಟರಿನ ಹೊಸ್ತಿಲು ದಾಟಿಯೇ ಹೋಗಬೇಕಾಯಿತು. ಯಾರಿಗೂ ಹೇಳಲಿಲ್ಲ ಎಂದಲ್ಲ, ಮುಖ್ಯೋಪಾಧ್ಯಾಯರಿಗೆ ಹೇಳಿದ್ದ. ಅವರು ಬಿಸಿಯೂಟದ ಲೆಕ್ಕ ಬರೆಯುತ್ತಾ, "ಮಾಡಪ್ಪಾ, ದುಡ್ಡು ಕೇಳಬೇಡ" ಎಂದಿದ್ದರು.

ತಿಂಗಳು ಕಳೆದ ಮೇಲೆ ಶಿಕ್ಷಕರ ಸಭೆಯಲ್ಲಿ ಗ್ರಾಫ್ ಗೋಡೆಯ ಮೇಲೆ ಬಿತ್ತು.

ನೂರು ಎಂಬಿಪಿಎಸ್‌ಗೆ ಬಿಲ್ ಕಟ್ಟುತ್ತಿದ್ದ ಲೈನು ತಿಂಗಳಿನ ಯಾವ ಗಳಿಗೆಯಲ್ಲೂ ನಲವತ್ತು ದಾಟಿರಲಿಲ್ಲ. ಮೇಲೆ ಯಾರೋ ಸ್ಕೇಲ್ ಇಟ್ಟು ಎಳೆದಂತೆ ಗ್ರಾಫ್ ಅಲ್ಲಿಗೇ ಚಪ್ಪಟೆ. ಲೈನ್ ಕೊಟ್ಟಿದ್ದ ಸ್ಥಳೀಯ ಕೇಬಲ್ಲಿನವರು ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರ ಷಡ್ಡಕ. ಸದಸ್ಯರು ಸಭೆಯಲ್ಲೇ ಇದ್ದರು.

ಶಾಲೆಗೆ ಬೀಗ ಬಿದ್ದ ಮೇಲೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಗೆರೆ ಜಿಗ್ಗನೆ ಏರುತ್ತಿತ್ತು. ಪಾಸ್‌ವರ್ಡ್ ಊರಿನ ಹೆಸರಿನ ಮುಂದೆ 123. ಕಾಂಪೌಂಡಿನ ಆಚೆಯ ಮನೆಗಳಿಗೆಲ್ಲ ಅದು ಬಾಯಿಪಾಠ. ಕ್ರಿಕೆಟ್ ಇದ್ದ ರಾತ್ರಿ ಮಧ್ಯರಾತ್ರಿಯವರೆಗೂ ಗೆರೆ ಇಳಿಯಲಿಲ್ಲ. ತಿಂಗಳ ಎರಡನೇ ಮಂಗಳವಾರದ ಮರುದಿನ ಬೆಳಗ್ಗೆ ಇನ್ನೊಂದು ಗುಡ್ಡ. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಹೊರಬರುವುದು ಆ ಮಂಗಳವಾರ ಅಮೆರಿಕದ ಬೆಳಗ್ಗೆ, ಅಂದರೆ ನಮ್ಮ ರಾತ್ರಿ. ಮರುದಿನ ಲ್ಯಾಬ್ ತೆರೆದೊಡನೆ ಹನ್ನೆರಡು ಕಂಪ್ಯೂಟರೂ ಅದೇ ಫೈಲನ್ನು ಬೇರೆ ಬೇರೆಯಾಗಿ ಹನ್ನೆರಡು ಸಲ ಇಳಿಸಿಕೊಂಡಿದ್ದವು. ಒಂದು ಇಳಿಸಿಕೊಂಡು ಉಳಿದವಕ್ಕೆ ಹಂಚುವ ಅನುಕೂಲ ವಿಂಡೋಸ್ 10ರಲ್ಲೇ ಇದೆ. ಯಾರೋ ಅದನ್ನು ಆರಿಸಿಟ್ಟಿದ್ದರು.

ಹಗಲಿನ ಲೆಕ್ಕದಲ್ಲಿ ಮೊದಲ ಸ್ಥಾನ ಆಫೀಸಿನ ಕಂಪ್ಯೂಟರಿಗೆ. ಸ್ಯಾಟ್ಸ್ ಎಂಬ ಇಲಾಖೆಯ ತಾಣದಲ್ಲಿ ಮಕ್ಕಳ ಮಾಹಿತಿ ತುಂಬುವ ಕೆಲಸ ಭಾರ, ಆದ್ದರಿಂದ ಸಹಜ ಎಂದು ಎಲ್ಲರೂ ತಲೆದೂಗಿದರು. ಹುಡುಗ ಮುಂದಿನ ಚಿತ್ರ ತೋರಿಸಿದ: ಸ್ಯಾಟ್ಸ್‌ಗೆ ಹೋಗಿದ್ದು ಚೂರುಪಾರು, ಉಳಿದದ್ದೆಲ್ಲ ವಿಡಿಯೋ, ಹಿಂದಿನ ರಾತ್ರಿಯ ಧಾರಾವಾಹಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ. "ಸರ್ವರ್ ಡೌನ್" ಎಂದು ವರದಿಯಾಗಿದ್ದ ದಿನಗಳಲ್ಲಿ ಅರ್ಧಕ್ಕರ್ಧ ಸರ್ವರು ಚೆನ್ನಾಗಿಯೇ ಇತ್ತು. ಶಾಲೆಯ ಲೈನಿನಲ್ಲೇ ಅದನ್ನು ಮುಟ್ಟಲು ಜಾಗವಿರಲಿಲ್ಲ. ಸರ್ವರ್ ಡೌನ್ ಎಂಬುದು ಕರ್ನಾಟಕದ ಆಡಳಿತದಲ್ಲಿ ಎಷ್ಟು ಮಂದಿಯ ಮಾನ ಉಳಿಸಿಕೊಟ್ಟಿದೆ ಎಂದು ಬಲ್ಲವರಿಗೆ ಆ ಹುಡುಗನ ದುಡುಕು ಅರ್ಥವಾದೀತು.

ಇಷ್ಟರ ನಡುವೆ ಎಲ್ಲಾ ಬಣ್ಣಗಳ ಅಡಿಯಲ್ಲಿ ಕೂದಲೆಳೆಯಷ್ಟು ಕಿತ್ತಳೆ ಗೆರೆಯೊಂದಿತ್ತು. ಅದು ವಿದ್ಯಾರ್ಥಿಗಳದು. ಗುರುವಾರದ ನಾಲ್ಕನೇ ಪೀರಿಯಡ್ಡಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಎಂಟನೇ ತರಗತಿಯವರು ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ಎಂಬ ಸರ್ಕಾರಿ ಪಾಠತಾಣದ ವಿಡಿಯೋವೊಂದನ್ನು ತೆರೆಯುವ ಹೊತ್ತು ಅದು. ವಿಡಿಯೋ ಆರು ನಿಮಿಷದ್ದು; ತೆರೆ ಮೇಲೆ ಸುತ್ತುವ ಚಕ್ರ ನೋಡುತ್ತಾ ಮಕ್ಕಳು ಉಳಿದ ಪೀರಿಯಡ್ ಕಳೆಯುತ್ತಿದ್ದರು. ಮುಂದಿನ ಬೆಂಚಿನವನು ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಮೇಡಂಗೆ ಹೇಳುತ್ತಿದ್ದನಂತೆ. ಇದೂ ಒಂದು ಅಳತೆಯೇ, ಪುಕ್ಕಟೆಯದು. ಯಾವ ವಹಿಯಲ್ಲೂ ಅದಕ್ಕೆ ಕಲಮಿಲ್ಲ ಅಷ್ಟೆ.

ಸಭೆ ಏನು ತೀರ್ಮಾನಿಸಿತು? ಇಲ್ಲಿ ನಮ್ಮ ಶಾಲೆಗಳ ಆಡಳಿತ ವಿವೇಕವನ್ನು ಮೆಚ್ಚಲೇಬೇಕು. ಕೇಬಲ್ಲಿನವರಿಗೆ ಪತ್ರ ಬರೆದರೆ ಸಂಬಂಧ ಕೆಡುತ್ತದೆ. ಪಾಸ್‌ವರ್ಡ್ ಬದಲಾಯಿಸಿದರೆ ಊರವರು ಶಾಲೆಯ ವಾರ್ಷಿಕೋತ್ಸವಕ್ಕೆ ಚಂದಾ ಕೊಡುವುದಿಲ್ಲ. ಆಫೀಸಿನವರಿಗೆ ಹೇಳಿದರೆ ಸಂಬಳದ ಬಿಲ್ಲು ತಡವಾಗುತ್ತದೆ. ಹೀಗೆ ಒಂದೊಂದನ್ನೂ ತೂಗಿ ನೋಡಿ, ಎಲ್ಲಾ ಗೊಂದಲಕ್ಕೂ ಮೂಲ ಆ ಹಳೆಯ ಕಂಪ್ಯೂಟರು ಎಂದು ಸಭೆ ಸರ್ವಾನುಮತದಿಂದ ಕಂಡುಕೊಂಡಿತು. ಅದನ್ನು ಬಿಚ್ಚಲಾಯಿತು. ಹುಡುಗನಿಗೆ ಎಲ್ಲರೂ ಸೇರಿ ಹಾರ ಹಾಕಿ ಅಭಿನಂದಿಸಿದರು. ಅತಿಥಿ ಶಿಕ್ಷಕರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಅವನು ಬೇರೆ ಕಡೆಗೆ ಹೋದ.

ವೈಫೈ ಡಬ್ಬಿಯನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದರು. ಇದಕ್ಕಿಂತ ಖಚಿತವಾದ ಬ್ಯಾಂಡ್‌ವಿಡ್ತ್ ನಿಯಂತ್ರಣ ನನಗೆ ಗೊತ್ತಿಲ್ಲ. ಕಬ್ಬಿಣದ ತಗಡು ರೇಡಿಯೋ ಅಲೆಯನ್ನು ತಡೆಯುತ್ತದೆ ಎಂಬುದು ಭೌತಶಾಸ್ತ್ರ. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ, ಅವರು ಬಿಇಒ ಕಚೇರಿಯ ಸಭೆಯಲ್ಲಿರುತ್ತಾರೆ ಎಂಬುದು ಆಡಳಿತಶಾಸ್ತ್ರ. ಎರಡೂ ಕೂಡಿದ ಮೇಲೆ ಊರಿನ ಮನೆಗಳಿಗೂ ಸಿಗ್ನಲ್ ಹೋಗುವುದು ನಿಂತಿತು, ಎಂಟನೇ ತರಗತಿಗೂ ನಿಂತಿತು. ಆಫೀಸಿನ ಕಂಪ್ಯೂಟರಿಗೆ ತೊಂದರೆಯಾಗಲಿಲ್ಲ, ಅದಕ್ಕೆ ಕೇಬಲ್ ಇದೆ.

ವರ್ಷದ ಒಂದು ಕಾಲದಲ್ಲಿ ಮಾತ್ರ ಶಾಲೆಯ ಲೈನು ಅಡ್ಡಿಯಿಲ್ಲದೆ ಹರಿಯುತ್ತದೆ. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಬಂದಿದೆ. ಕೊಠಡಿ ಕೊಠಡಿಯ ಕ್ಯಾಮೆರಾ ಚಿತ್ರ ಜಿಲ್ಲೆಯ ನಿಯಂತ್ರಣ ಕೊಠಡಿಗೆ ನೇರವಾಗಿ ಹೋಗಬೇಕು. ಒಂದು ಕ್ಯಾಮೆರಾಗೆ ಎರಡು ಎಂಬಿಪಿಎಸ್ ಎಂದು ಹಿಡಿದರೂ ಹತ್ತು ಕೊಠಡಿಗೆ ಇಪ್ಪತ್ತು, ಅದೂ ಮೇಲಕ್ಕೆ ಕಳಿಸುವ ಕಡೆಯಲ್ಲಿ. ವೈಫೈ ಡಬ್ಬಿ ಬೀರು ಸೇರದ ಇನ್ನೊಂದು ಶಾಲೆಯಲ್ಲಿ, ಈ ಲೈನಿನಲ್ಲಿ ಆಗುವ ಮಾತೇ ಅಲ್ಲ ಎಂದು ಎಲ್ಲರೂ ಕೈಚೆಲ್ಲಿದ್ದರು. ಆದರೆ ಪರೀಕ್ಷೆಯ ಮೊದಲ ದಿನ ಹತ್ತೂ ಕೊಠಡಿ ಕನ್ನಡಿಯಲ್ಲಿ ಕಂಡ ಹಾಗೆ ಕಂಡವು. ಪವಾಡಕ್ಕೆ ಕಾರಣ ಏನೆಂದು ಹಲವು ಅಭಿಪ್ರಾಯಗಳು ಬಂದವು: ಹೊಸ ಫೈಬರ್ ಎಳೆದಿರಬೇಕು, ಮೇಲಿನಿಂದ ಆರ್ಡರ್ ಆಗಿರಬೇಕು, ಹವಾಮಾನ ಚೆನ್ನಾಗಿದೆ. ನಿಯಮದಂತೆ ಬೆಳಗ್ಗೆಯೇ ಮೇಲ್ವಿಚಾರಕರ ಫೋನುಗಳನ್ನೆಲ್ಲ ಸ್ವಿಚ್ ಆಫ್ ಮಾಡಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿ ಕಚೇರಿಯಲ್ಲಿ ಇಟ್ಟಿದ್ದರು. ಆ ಪೆಟ್ಟಿಗೆಯ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಪರೀಕ್ಷೆ ಮುಗಿದು ಪೆಟ್ಟಿಗೆ ತೆರೆದ ಹತ್ತು ನಿಮಿಷಕ್ಕೆ ಲೈನು ತನ್ನ ಎಂದಿನ ಸ್ಥಿತಿಗೆ ಮರಳಿತು. ಕೆರೆ ಏರಿಯ ಮೇಲೆ ಜೆಸಿಬಿ ಬಂದಿದೆಯೇ ನೋಡಿ ಬರಲು ಒಬ್ಬರನ್ನು ಕಳಿಸಿದರು.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಬೆಂಗಳೂರಿನ ಕಂಪನಿಗಳಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತಿರುವವರಲ್ಲಿ, ಒಂದು ಕಳಕಳಿಯ ಮನವಿ. ಓದಿದ ಶಾಲೆಗೆ ಏನಾದರೂ ಮಾಡಬೇಕೆಂಬ ನಿಮ್ಮ ಆಸೆ ದೊಡ್ಡದು. ಗೋಡೆ ಗಡಿಯಾರ ಕೊಡಿ, ಮೈಕ್ ಸೆಟ್ ಕೊಡಿ, ನಿಮ್ಮ ಹೆಸರು ಬರೆಸಿದ ಸ್ಟೀಲ್ ಕುರ್ಚಿ ಕೊಡಿ. ದಯವಿಟ್ಟು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ವಿಎನ್‌ಸ್ಟಾಟ್ ಎಬ್ಬಿಸಿ ತಂದುಕೊಡಬೇಡಿ. ಅದಕ್ಕೆ ಒಂದು ರೂಪಾಯಿಯೂ ತಗಲುವುದಿಲ್ಲ, ಅರ್ಧ ದಿನದ ಕೆಲಸ, ನಿಮಗೆ ಎಡಗೈಯ ಆಟ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಬೇಡ ಎನ್ನುತ್ತಿರುವುದು ಅದಕ್ಕೇ. ಅಷ್ಟಾಗಿಯೂ ತಂದರೆ, ಬೀರುವಿನ ಪಕ್ಕ ಇರುವುದು ಒಂದೇ ಪ್ಲಗ್ ಪಾಯಿಂಟು. ಅದು ಸಿಬ್ಬಂದಿಯ ಫೋನ್ ಚಾರ್ಜಿಗೆ ಮೀಸಲು.